ಚಾಕುವಿನ ಹಿಡಿ ಮಿರಮಿರ ಮಿಂಚಬೇಕೆ?

ಕೈಯಾರೆ ಮಾಡಿದ ಚಾಕುವಿನ ಹಿಡಿಗೆ ಹೊಳಪು ತರೋಣ ಅಂದ ಕೂಡಲೇ ಎಲ್ಲರೂ ಕೇಳುವುದು 'ಯಾವ ಪಾಲಿಶ್ ಹಚ್ಚಬೇಕು' ಅಂತ. ಹಚ್ಚುವುದು ಆಮೇಲಿನ ಮಾತು. ಮುಕ್ಕಾಲು ಪಾಲು ಹೊಳಪು ಬರುವುದು ಉಜ್ಜುವುದರಿಂದ. ಮರದ ಮೇಲೆ ಉಳಿದ ಗೀರು ಪಾಲಿಶ್ ಕೆಳಗೆ ಮುಚ್ಚಿಹೋಗುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ.

ಬೀಟೆ ಮರದ ಹಿಡಿಯನ್ನೇ ತೆಗೆದುಕೊಳ್ಳೋಣ. ಹಚ್ಚುವುದಕ್ಕೆ ಸೂಪರ್ ಗ್ಲೂ, ಅಂದರೆ ಫೆವಿಕ್ವಿಕ್ ಥರದ ತೆಳು ಅಂಟು ಸಾಕು. ಅದು ಮರದ ಸಣ್ಣ ತೂತುಗಳಿಗೆ ಇಳಿದು, ಒಣಗಿ, ತಿಳಿಯಾದ ಗಟ್ಟಿ ಪದರವಾಗುತ್ತದೆ. ಅರಗು ಕೂಡ ಚೆನ್ನಾಗಿಯೇ ಹೊಳೆಯುತ್ತದೆ, ಚನ್ನಪಟ್ಟಣದ ಗೊಂಬೆ ನೋಡಿಲ್ವಾ? ಆದರೆ ಅರಗು ಬಿಸಿಗೆ ಮೆತ್ತಗಾಗುತ್ತದೆ. ದಿನಾ ತೊಳೆಯುವ ಅಡುಗೆಮನೆ ಚಾಕುವಿಗೆ ನನ್ನ ಓಟು ಅಂಟಿಗೇ.

ಮೊದಲು ಅಲಗಿಗೆ ದಪ್ಪ ರಟ್ಟು ಸುತ್ತಿ ಟೇಪ್ ಬಿಗಿಯಿರಿ. ಇದನ್ನು ಮಾಡದೆ ಮುಂದೆ ಹೋಗಲೇಬೇಡಿ. ಮೂಗಿಗೆ ಮಾಸ್ಕ್ ಇರಲಿ, ಬೀಟೆಯ ಪುಡಿ ಕೆಲವರ ಮೈಗೂ ಉಸಿರಿಗೂ ಆಗುವುದಿಲ್ಲ.

ಈಗ ಉಪ್ಪು ಕಾಗದ. ಅದರ ಹಿಂದೆ ನಂಬರ್ ಇರುತ್ತದೆ, ನಂಬರ್ ಹೆಚ್ಚಿದಷ್ಟೂ ಕಾಗದ ನಯ. 120ರಿಂದ ಶುರು ಮಾಡಿ, 220, ಆಮೇಲೆ 400. ಯಾವಾಗಲೂ ಮರದ ಎಳೆಯ ಉದ್ದಕ್ಕೇ ಉಜ್ಜಿ. 220 ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಲಗಿದ್ದ ನಾರು ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ 400ರಲ್ಲಿ ಅದನ್ನು ತೆಗೆಯಿರಿ. ಕಿಟಕಿಯ ಹತ್ತಿರ ಹಿಡಿಯನ್ನು ಓರೆ ಮಾಡಿ ನೋಡಿ. ಅಡ್ಡ ಗೀರು ಕಂಡರೆ 220ಕ್ಕೆ ವಾಪಸ್ ಹೋಗಬೇಕು. ಬೇಜಾರಾಗುತ್ತದೆ ನಿಜ, ಆದರೂ ಹೋಗಿ.

ಬೀಟೆಯಲ್ಲಿ ಎಣ್ಣೆಯ ಅಂಶ ಇರುತ್ತದೆ, ಅದರ ಮೇಲೆ ಅಂಟು ಸರಿಯಾಗಿ ಕೂರುವುದಿಲ್ಲ. ಹಚ್ಚುವ ಸ್ವಲ್ಪ ಮುಂಚೆ ಎಣ್ಣೆ ಕರಗಿಸುವ ಅಸಿಟೋನ್ ಎಂಬ ದ್ರವದಲ್ಲಿ ಒರೆಸಿ ಆರಲು ಬಿಡಿ. ಅದಕ್ಕೆ ಬೇಗ ಬೆಂಕಿ ಹತ್ತಿಕೊಳ್ಳುತ್ತದೆ, ಹತ್ತಿರದಲ್ಲಿ ಒಲೆ, ದೀಪ, ಬೀಡಿ ಏನೂ ಇರಬಾರದು.

ಅಂಟು ಹಚ್ಚಲು ಮಡಚಿದ ಟಿಶ್ಯೂ ಪೇಪರ್ ಬಳಸಿ. ಹತ್ತಿ ಬಟ್ಟೆ ಮಾತ್ರ ಬೇಡ. ಹತ್ತಿಗೆ ಈ ಅಂಟು ತಗುಲಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆ ಬರುತ್ತದೆ. ಕನ್ನಡಕ, ನೈಟ್ರೈಲ್ ಗ್ಲೌಸ್ ಹಾಕಿಕೊಂಡು, ಗಾಳಿಯಾಡುವ ಕಡೆ ಕೂತುಕೊಳ್ಳಿ. ನಾಲ್ಕೈದು ಹನಿ ಹಾಕಿ ಒಂದೇ ಸಲ ಎಳೆದುಬಿಡಿ. ಸರಿ ಮಾಡೋಣ ಅಂತ ಮತ್ತೆ ಮುಟ್ಟಿದರೆ ಗಂಟುಗಂಟಾಗುತ್ತದೆ. ಒಣಗಿದ ಮೇಲೆ ಇನ್ನೊಂದು ಪದರ. ಹೀಗೆ ಎಂಟು ಹತ್ತು ಪದರ ಬೇಕು. ನಡುವೆ ಒಮ್ಮೆ 400ರಲ್ಲಿ ಹಗುರವಾಗಿ ಉಜ್ಜಿ ಸಮ ಮಾಡಿಕೊಳ್ಳಿ. ಮಳೆಗಾಲದಲ್ಲಿ ತೇವ ಜಾಸ್ತಿ ಇದ್ದರೆ ಅಂಟು ಬೇಗ ಗಟ್ಟಿಯಾಗಿ ಬೆಳ್ಳಗೆ ಮಂಕಾಗಬಹುದು, ಬಿಸಿಲಿನ ದಿನ ಒಳ್ಳೆಯದು. ಬೆರಳು ಅಂಟಿಕೊಂಡರೆ ಎಳೆಯಬೇಡಿ, ಬಿಸಿನೀರು ಸೋಪಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ.

ಒಂದು ರಾತ್ರಿ ಬಿಟ್ಟು ಮಾರನೇ ದಿನ ನೀರು ಹಾಕಿ ಉಜ್ಜುವ ವಾಟರ್ ಪೇಪರ್ ತೆಗೆದುಕೊಳ್ಳಿ. 800, 1000, 1500, 2000. ನೀರಿಗೆ ಒಂದು ಹನಿ ಸೋಪು ಸೇರಿಸಿ. 800ರಲ್ಲಿ ಉಜ್ಜಿ ಒರೆಸಿದಾಗ ಹಿಡಿಯೆಲ್ಲ ಮಂಕಾಗಿ, ಅಲ್ಲಲ್ಲಿ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅವು ತಗ್ಗುಗಳು, ಕಾಗದ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಒಂದೂ ಚುಕ್ಕೆ ಉಳಿಯದಂತೆ ಮಂಕಾಗುವ ತನಕ 1000ಕ್ಕೆ ಕೈ ಹಾಕಬೇಡಿ. ಉಜ್ಜುತ್ತಾ ಎಲ್ಲಾದರೂ ಮರವೇ ಬಯಲಾದರೆ ಚೆನ್ನಾಗಿ ಒಣಗಿಸಿ, ಅಲ್ಲಿಗೆ ಮತ್ತೆ ಎರಡು ಮೂರು ಪದರ ಅಂಟು ಕೊಡಿ.

ಕೊನೆಗೆ ಕಾರಿನ ಸಣ್ಣ ಗೀರು ಅಳಿಸಲು ಬಳಸುವ ರಬ್ಬಿಂಗ್ ಕಾಂಪೌಂಡ್ ಎಂಬ ಪೇಸ್ಟ್ ಚೂರು ತೆಗೆದುಕೊಂಡು ಮೆತ್ತನೆ ಬಟ್ಟೆಯಲ್ಲಿ ತಿಕ್ಕಿ. ಬೀಟೆಯ ಕಪ್ಪು ಗೆರೆಗಳು ಆಗ ಆಳದಿಂದ ಎದ್ದು ಬರುತ್ತವೆ. ಇಷ್ಟು ಹೊತ್ತು ಪಟ್ಟ ಕಷ್ಟಕ್ಕೆ ಅದೊಂದೇ ಸಾಕು ಅನ್ನಿಸುತ್ತದೆ.

ಚಾಕುವನ್ನು ಸಿಂಕ್‌ನಲ್ಲಿ ನೆನೆಹಾಕಬೇಡಿ, ತೊಳೆದು ಒರೆಸಿಡಿ. ನೇಲ್ ಪಾಲಿಶ್ ತೆಗೆಯುವ ದ್ರವ ತಾಗದಂತೆ ನೋಡಿಕೊಳ್ಳಿ, ಅದರಲ್ಲಿ ಅಸಿಟೋನ್ ಇದ್ದರೆ ಪದರ ಕರಗುತ್ತದೆ. ಹೊಳಪು ಮಾಸಿದರೆ 2000 ಕಾಗದ, ಮೇಲೆ ಕಾಂಪೌಂಡ್, ಅಷ್ಟೇ ಸಾಕು.