ದಾಲ್ ಮಿಲ್ ಬೆಲ್ಟಿನಿಂದ ಡಿಸ್ಕ್ ಎಸೆಯುವ ಮಷೀನು: ನನ್ನ ಅನುಭವ

ಮಷೀನು ಈಗ ಎಸೆಯುತ್ತಿದೆ. ಡಿಸ್ಕ್ ಗಾಲ್ಫ್ ಆಟದ ಪಟರ್ (ಹತ್ತಿರದ ಎಸೆತದ, ಮೊಂಡು ಅಂಚಿನ ಡಿಸ್ಕ್) ಹಾಕಿದರೆ ಸುಮಾರು 65 ಮೀಟರ್, ಗಾಳಿ ಇಲ್ಲದ ಬೆಳಿಗ್ಗೆ ಇನ್ನೂ ನಾಲ್ಕು ಹೆಜ್ಜೆ ಜಾಸ್ತಿ. ಅದೇ ಡಿಸ್ಕನ್ನು ಮತ್ತೆ ಮತ್ತೆ ಹಾಕಿದರೂ ಐದಾರು ಮೀಟರ್ ಅಗಲದ ಜಾಗ ಬಿಟ್ಟು ಹೋಗುವುದಿಲ್ಲ. "ಆಗೋದಿಲ್ಲ ಬಿಡ್ರೀ" ಅಂದವರೇ ಈಗ ವಿಡಿಯೊ ಕಳಿಸಿ ಅನ್ನುತ್ತಿದ್ದಾರೆ. ಹೈಜರ್ (ಹೊರ ಅಂಚು ಕೆಳಗೆ ವಾಲಿಸಿ ಎಸೆಯುವುದು), ಟರ್ನ್ (ಹಾರಾಟದ ಮೊದಲರ್ಧದಲ್ಲಿ ಬಲಕ್ಕೆ ತಿರುಗುವುದು), ಫೇಡ್ (ಕೊನೆಗೆ ಎಡಕ್ಕೆ ವಾಲುವುದು) ಗೊತ್ತಿರುವವರಿಗೆ ಬರೆಯುತ್ತಿದ್ದೇನೆ, ಆ ಪಾಠ ಇಲ್ಲಿ ಇಲ್ಲ. ವೆಲ್ಡಿಂಗ್, ಲೇತ್ ಕೆಲಸ ಬಂದರೆ ಇನ್ನೂ ಒಳ್ಳೆಯದು.

ಕಲಬುರಗಿಯಲ್ಲಿ ಡಿಸ್ಕ್ ಅಂಗಡಿಯಲ್ಲಿ ಸಿಗುವುದಿಲ್ಲ. ತರಿಸಬೇಕು, ಒಂದಕ್ಕೆ ಸಾವಿರದಿಂದ ಒಂದೂವರೆ ಸಾವಿರ. ಅಷ್ಟು ಕೊಟ್ಟು ತರಿಸಿದ್ದು ಎಡಕ್ಕೆ ವಾಲಿದರೆ ಅದು ಡಿಸ್ಕಿನ ಗುಣವೋ ನನ್ನ ಕೈಯ ಗುಣವೋ ಹೇಗೆ ತಿಳಿಯಬೇಕು? ಜೊತೆಗೆ ನನ್ನ ಬಲ ಭುಜ ಮೊದಲಿನಂತಿಲ್ಲ. ಇಪ್ಪತ್ತು ಎಸೆತ ಆದ ಮೇಲೆ ಅದು ನನ್ನ ಮಾತು ಕೇಳುವುದಿಲ್ಲ. ಒಂದೇ ವೇಗ, ಒಂದೇ ಕೋನ, ಒಂದೇ ಸುತ್ತು ಕೊಡುವ ಏನಾದರೂ ಬೇಕಿತ್ತು.

ಮೊದಲು ಮಾಡಿದ್ದು ತೋಳು. ಒಂದು ಮೀಟರ್ ಸ್ಕ್ವೇರ್ ಪೈಪು, ಎಳೆಯಲು ಲಾರಿ ಟ್ಯೂಬಿನ ಪಟ್ಟಿಗಳು, ಡಿಸ್ಕ್ ಉರುಳಿಕೊಂಡು ಹೋಗಲು ತೋಳಿನುದ್ದಕ್ಕೂ ಒಂದು ಅಂಚು. ಶೂಟಿಂಗ್‌ನವರು ಮಣ್ಣಿನ ತಟ್ಟೆ ಹಾರಿಸುವ ಮಷೀನಿನ ಲೆಕ್ಕ ಅದು. ಆ ತಟ್ಟೆ ಚಿಕ್ಕದು, ಒಂದು ನೂರು ಗ್ರಾಮಿನ ಆಸುಪಾಸು. ನಮ್ಮದು 21 ಸೆಂ.ಮೀ. ಅಗಲ, 170 ಗ್ರಾಂ ಮೇಲೆ. (ವ್ಯಾಸದ ಪ್ರತಿ ಸೆಂ.ಮೀ.ಗೆ 8.3 ಗ್ರಾಂ ಮೀರಬಾರದು ಅಂತ ಡಿಸ್ಕ್ ಗಾಲ್ಫ್ ಸಂಸ್ಥೆ ಪಿಡಿಜಿಎಯ ನಿಯಮ, ಹಾಗಾಗಿ 21.2 ಸೆಂ.ಮೀ. ಡಿಸ್ಕ್ 176 ದಾಟುವುದಿಲ್ಲ.) ತೋಳು ಎಸೆಯಿತು, ಆದರೆ ಪ್ರತಿ ಸಲ ಬೇರೆ ದಿಕ್ಕಿಗೆ. ಬಿಸಿಲು ಏರಿದಂತೆ ರಬ್ಬರಿನ ಎಳೆತವೂ ಬದಲಾಗುತ್ತಿತ್ತು. ಕೊನೆಗೆ ತೋಳು ಬಡಿದು ನಿಲ್ಲುವ ಕಡೆ ವೆಲ್ಡ್ ಬಿಟ್ಟುಕೊಂಡಿತು. ಎರಡು ಸಾವಿರ ಗುಜರಿಗೆ ಹೋಯಿತು.

ಆಮೇಲೆ ಎಲ್ಲರೂ ಹೇಳುವ ಎರಡು ಗಾಲಿ. ಕ್ರಿಕೆಟ್ ಬೌಲಿಂಗ್ ಮಷೀನ್ ಹಾಗೇ ಅಲ್ವಾ? ಚೆಂಡಿಗೆ ಸರಿ, ಡಿಸ್ಕಿಗೆ ಅಲ್ಲ. ಡಿಸ್ಕಿನ ಅಂಚು ಗಾಲಿಗಳ ಹಿಡಿತದಲ್ಲಿ ಇರುವುದು ನಾಲ್ಕೈದು ಸೆಂ.ಮೀ. ದೂರ ಮಾತ್ರ. ಅಷ್ಟರಲ್ಲಿ ನಿಂತ ಡಿಸ್ಕನ್ನು ಸೆಕೆಂಡಿಗೆ 20 ಮೀಟರ್ ವೇಗಕ್ಕೆ ಏರಿಸಲು 75 ಕೆಜಿ ಹತ್ತಿರದ ತಳ್ಳುವಿಕೆ ಬೇಕು. ರಬ್ಬರು ಅಷ್ಟು ಹಿಡಿಯುವುದಿಲ್ಲ, ಜಾರುತ್ತದೆ. ಡಿಸ್ಕಿನ ಅಂಚು ಸುಟ್ಟ ವಾಸನೆ, ಗಾಲಿಯ ಮೇಲೆ ಪ್ಲಾಸ್ಟಿಕ್ ಪುಡಿ, ಡಿಸ್ಕ್ ಹದಿನೈದು ಮೀಟರ್ ದೂರದಲ್ಲಿ. ಬಿಗಿ ಮಾಡಿದರೆ ಡಿಸ್ಕ್ ಬಾಗಿ ಮೇಲಕ್ಕೆ ಚಿಮ್ಮುತ್ತಿತ್ತು. ಎರಡು ಒಳ್ಳೆಯ ಮಿಡ್‌ರೇಂಜ್ (ಮಧ್ಯಮ ದೂರದ ಡಿಸ್ಕ್) ಅಲ್ಲೇ ಹಾಳಾದವು. ಈ ಸುತ್ತಿನ ಖರ್ಚು ಮೂರೂವರೆ ಸಾವಿರದ ಮೇಲೆ, ಡಿಸ್ಕ್ ಬಿಟ್ಟು.

ಮೂರನೆಯದು ಒಂದೇ ಗಾಲಿ, ಸುತ್ತ ಕಮಾನಿನ ಗೋಡೆ. 2013ರಲ್ಲಿ ಅಮೆರಿಕದ ಹೈಸ್ಕೂಲ್ ಮಕ್ಕಳ ರೋಬಾಟ್ ಸ್ಪರ್ಧೆಯಲ್ಲಿ ಡಿಸ್ಕ್ ಎಸೆಯುವ ಆಟ ಇತ್ತು, ಅಲ್ಲಿ ಎಷ್ಟೋ ತಂಡಗಳು ಹೀಗೇ ಮಾಡಿದ್ದವು. ಹಿಡಿತ ಉದ್ದ ಸಿಗುತ್ತದೆ, ಜಾರುವುದು ನಿಂತಿತು. ಆದರೆ ಒಂದು ಕಡೆ ಗೋಡೆ ನಿಂತೇ ಇರುವುದರಿಂದ ಡಿಸ್ಕಿಗೆ ಗಾಲಿಯ ಅರ್ಧ ವೇಗವೇ ಸಿಗುವುದು. ಉಳಿದದ್ದೆಲ್ಲ ಸುತ್ತಿಗೆ ಹೋಗುತ್ತದೆ. ಗಾಲಿಯ ಅಂಚು ಸೆಕೆಂಡಿಗೆ 28 ಮೀಟರ್, ಡಿಸ್ಕ್ 14, ಸುತ್ತು ಮಾತ್ರ ನಿಮಿಷಕ್ಕೆ 1,250ರ ಮೇಲೆ. 35 ಮೀಟರ್ ಹೋಗಿ ಬೀಳುತ್ತಿತ್ತು. ನೇರವಾಗಿ ಹೋಗುತ್ತಿತ್ತು, ಅದೇ ಕಷ್ಟ. ಅಷ್ಟು ಸುತ್ತಿನಲ್ಲಿ ಟರ್ನ್ ಆಗುವ ಡಿಸ್ಕೂ ಟರ್ನ್ ಆಗುವುದಿಲ್ಲ. ಕೈ ಎಸೆತದಲ್ಲಿ ಅಂಚಿನ ಸುತ್ತುವ ವೇಗ ಮುಂದೋಡುವ ವೇಗದ ಅರ್ಧದಷ್ಟಿರುತ್ತದೆ. ಇಲ್ಲಿ ಎರಡೂ ಸಮ.

ಅಂದರೆ ಗೋಡೆಯೂ ಓಡಬೇಕು, ನಿಧಾನವಾಗಿ. ಇಷ್ಟು ಹೊಳೆದ ಮೇಲೆ ಉಳಿದದ್ದು ಕೂಲಿ ಕೆಲಸ. ಎರಡು ಬೆಲ್ಟ್ ಎದುರುಬದುರು, ನಡುವೆ 70 ಸೆಂ.ಮೀ. ಉದ್ದದ ಓಣಿ. ಒಂದು ಸೆಕೆಂಡಿಗೆ 30 ಮೀಟರ್, ಇನ್ನೊಂದು 10. ಡಿಸ್ಕಿಗೆ ನಡುವಿನ 20 ಸಿಗುತ್ತದೆ, ಸುತ್ತು ನಿಮಿಷಕ್ಕೆ 900. ಕೈ ಎಸೆತದ ಲೆಕ್ಕವೇ. 70 ಸೆಂ.ಮೀ. ಹಿಡಿತ ಇದ್ದರೆ ತಳ್ಳುವ ಬಲ ಐದು ಕೆಜಿ ಸಾಕು. 75 ಎಲ್ಲಿ, 5 ಎಲ್ಲಿ.

ಕಪನೂರ ಇಂಡಸ್ಟ್ರಿಯಲ್ ಏರಿಯಾದ ಲೇತ್ ಕಾಕಾ ಇದನ್ನು ನೋಡಿ, "ಇದು ರೊಟ್ಟಿ ಒಗಿಯೋ ಮಷೀನೇನ್ರೀ?" ಅಂದರು. ನಕ್ಕರೂ ಕೆಲಸ ಚೆನ್ನಾಗಿ ಮಾಡಿಕೊಟ್ಟರು. ಮೊದಲು ಬೆಲ್ಟ್ ಪುಲ್ಲಿಯಿಂದ ಹೊರಗೆ ಹರಿದು ಹೋಗುತ್ತಿತ್ತು. ಹಿಟ್ಟಿನ ಗಿರಣಿ ನೋಡಿದವರಿಗೆ ಗೊತ್ತು, ಪುಲ್ಲಿಯ ನಡು ಒಂದೂವರೆ ಮಿ.ಮೀ. ಉಬ್ಬಿರಬೇಕು. ಕಾಕಾ ಅಳತೆ ಕೇಳದೆಯೇ ಉಬ್ಬು ಬರುವಂತೆ ಕಡೆದುಕೊಟ್ಟರು. ದೊಡ್ಡ ಪುಲ್ಲಿಗೆ ಬೀಡು (ಎರಕದ ಕಬ್ಬಿಣ) ಬೇಡ ಅಂತ ಹಟ ಮಾಡಿದ್ದು ನಾನು. ಸೆಕೆಂಡಿಗೆ 30 ಮೀಟರ್ ಅಂದರೆ ಬೀಡಿನ ಪುಲ್ಲಿ ತಡೆಯುವ ಮಿತಿಯ ಹತ್ತಿರ, ಒಡೆದರೆ ಮುಖಕ್ಕೇ. ಉಕ್ಕಿನದೇ ತಿರುವಿಸಿದೆವು.

ಮೋಟರಿಗೆ ಎಲೆಕ್ಟ್ರಾನಿಕ್ಸ್ ಏನೂ ಇಲ್ಲ. ಎಡಗಡೆ ಒಂದು ಎಚ್‌ಪಿ, 2,880 ಆರ್‌ಪಿಎಂ, ಎಂಟು ಇಂಚಿನ ಪುಲ್ಲಿ. ಬಲಗಡೆ ಅರ್ಧ ಎಚ್‌ಪಿ, 1,440, ಐದೂವರೆ ಇಂಚು. ಇಷ್ಟಕ್ಕೇ 30ಕ್ಕೆ 10 ಬಂದುಬಿಡುತ್ತದೆ. ಡಿಸ್ಕ್ ಬಲಗೈ ಬ್ಯಾಕ್‌ಹ್ಯಾಂಡ್ ಎಸೆತದಂತೆ ಸುತ್ತಬೇಕಾದರೆ ಜೋರಿನ ಬೆಲ್ಟ್ ಎಡಕ್ಕೇ ಇರಬೇಕು. ಅದಲುಬದಲು ಮಾಡಿದರೆ ಫೋರ್‌ಹ್ಯಾಂಡ್. ಹೊಲದಲ್ಲಿ ಓಡಿಸಲು ಮದುವೆ ಮನೆಗೆ ಬಾಡಿಗೆ ಕೊಡುವವರ ಪೆಟ್ರೋಲ್ ಜನರೇಟರ್. ಚಾಲೂ ಮಾಡುವಾಗ ದೊಡ್ಡ ಮೋಟರ್ ಮೊದಲು, ಅದು ಪೂರ್ತಿ ವೇಗಕ್ಕೆ ಬಂದ ಮೇಲೆ ಚಿಕ್ಕದು. ಎರಡೂ ಒಟ್ಟಿಗೆ ಹಾಕಿದರೆ ಜನರೇಟರ್ ಉಸಿರು ಬಿಡುತ್ತದೆ.

ಬೆಲ್ಟ್ ಸಿಕ್ಕಿದ್ದು ದಾಲ್ ಮಿಲ್ಲಿನಲ್ಲಿ. ತೊಗರಿ ನಾಡಲ್ಲಿ ಅದಕ್ಕೇನು ಬರ? ಬಿಚ್ಚಿ ಮೂಲೆಗೆ ಹಾಕಿದ ಎಲಿವೇಟರ್ ಬೆಲ್ಟನ್ನು ಆರುನೂರಕ್ಕೆ ಕೊಟ್ಟರು. ಉದ್ದಕ್ಕೆ ಸೀಳಿ ಎರಡು ಮಾಡಿದೆ. ಓಣಿಯ ಅಗಲ ಡಿಸ್ಕಿಗಿಂತ ಆರೇಳು ಮಿ.ಮೀ. ಕಡಿಮೆ. ಬೆಲ್ಟಿನ ಬೆನ್ನಿಗೆ ನೈಲಾನ್ ಪಟ್ಟಿ. ಆ ಪಟ್ಟಿಯ ಹಿಂದೆ ಏನಿದೆ, ಬೆಲ್ಟಿನ ಮುಖಕ್ಕೆ ಏನು ಅಂಟಿಸಿದ್ದೇನೆ ಅನ್ನುವುದು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಒಂದು ಬೇಸಿಗೆ ಪೂರ್ತಿ ಹೋಗಿದೆ.

ನಡುಕದ ಬಗ್ಗೆ ಹೇಳುತ್ತೇನೆ. ಡಿಸ್ಕ್ ಹೊರಬರುವಾಗ ತೂರಾಡುತ್ತಿದ್ದರೆ ಎರಡೂ ಬೆಲ್ಟ್ ಒಂದೇ ಗೆರೆಯಲ್ಲಿ ಮುಗಿಯುತ್ತಿವೆಯೇ ನೋಡಿ. ನನ್ನದು ನಾಲ್ಕು ಮಿ.ಮೀ. ಹೆಚ್ಚುಕಡಿಮೆ ಇತ್ತು, ಅಷ್ಟಕ್ಕೇ ಹತ್ತು ಮೀಟರ್ ದೂರ ಕಡಿಮೆಯಾಗುತ್ತಿತ್ತು. ಕೆಳಗಿನ ತಗಡೂ ಅದೇ ಗೆರೆಯಲ್ಲಿ ಮುಗಿಯಬೇಕು. ಇಡೀ ಚೌಕಟ್ಟು ಅಲುಗದಂತೆ ಬುಡದಲ್ಲಿ ಎರಡು ಶಹಾಬಾದ್ ಫರ್ಸಿ ಹೇರಿದ್ದೇನೆ. ವೇಗ ನೋಡಲು ಫೋನಿನ ಸ್ಲೋ ಮೋಷನ್ ಸಾಕು. ಒಂದು ಮೀಟರ್ ಅಂತರದಲ್ಲಿ ಎರಡು ಕೋಲು ನೆಟ್ಟೆ. ಸೆಕೆಂಡಿಗೆ 240 ಫ್ರೇಮಿನಲ್ಲಿ ಡಿಸ್ಕ್ 12-13 ಫ್ರೇಮಿಗೆ ದಾಟುತ್ತದೆ, ಅಂದರೆ ಸೆಕೆಂಡಿಗೆ 19 ಚಿಲ್ಲರೆ ಮೀಟರ್. ಡಿಸ್ಕಿನ ಮೇಲೆ ಮಾರ್ಕರ್ ಗೆರೆ ಎಳೆದರೆ ಸುತ್ತೂ ಸಿಗುತ್ತದೆ.

ಡ್ರೈವರ್ (ದೂರದ ಎಸೆತದ ಡಿಸ್ಕ್) ಮಾತ್ರ ಇನ್ನೂ ತಕರಾರು. ಅದರ ಅಂಚು ಚೂಪು, ಬೆಲ್ಟನ್ನು ಕೊರೆಯುತ್ತದೆ. ಇಡೀ ದಿನ ಪಟರ್ ಹಾಕಿ, ಬೆಲ್ಟಿಗೆ ಏನೂ ಆಗುವುದಿಲ್ಲ. ಡ್ರೈವರ್ ಹಾಕಿದ ಸಂಜೆ ಗೀರು ಕಾಣುತ್ತದೆ.

ಸುಮ್ನೆ ಕುತೂಹಲಕ್ಕೆ ಬೇರೆಯದನ್ನೂ ಹಾಕಿ ನೋಡಿದೆ. ಪೇಂಟ್ ಡಬ್ಬಿಯ ಮುಚ್ಚಳ ಹತ್ತು ಮೀಟರಿಗೇ ಮಗುಚಿತು, ಅಂಚಿನಲ್ಲಿ ತೂಕವೇ ಇಲ್ಲವಲ್ಲ. ಅಂಚಿಗೆ ಸೈಕಲ್ ಟ್ಯೂಬ್ ಸುತ್ತಿ ಅಂಟಿಸಿದ ಮೇಲೆ 30 ದಾಟಿತು, ಬೆಲ್ಟ್ ಸರಿಮಾಡುವಾಗ ಈಗ ಅದನ್ನೇ ಬಳಸುತ್ತೇನೆ. ಕಾಕಾನ ಮಾತಿಗಾಗಿ ಖಡಕ್ ರೊಟ್ಟಿಯನ್ನೂ ಹಾಕಿದೆವು. ಓಣಿಯಲ್ಲೇ ಪುಡಿ ಆಯಿತು, ಬೇರಿಂಗಿನಿಂದ ಜೋಳದ ಚೂರು ತೆಗೆಯಲು ಒಂದು ತಾಸು.

ಜಾಗದ ವಿಚಾರ. ಜನವರಿಯಲ್ಲಿ ತೊಗರಿ ಕಟಾವಾದ ಹೊಲ ಖಾಲಿ ಕಾಣುತ್ತದೆ, ಅಲ್ಲಿಗೆ ಹೋಗಬೇಡಿ. ಕೂಳೆ ಕಟ್ಟಿಗೆಯಷ್ಟು ಗಟ್ಟಿ, ಡಿಸ್ಕ್ ಸೀಳುತ್ತದೆ. ಏಪ್ರಿಲ್‌ನಲ್ಲಿ ಎರೆ ಭೂಮಿ ಬಿರುಕು ಬಿಡುತ್ತದೆ, ಡಿಸ್ಕ್ ಉರುಳಿ ಒಳಗೆ ನಿಂತರೆ ಎರಡು ಹೆಜ್ಜೆ ಹತ್ತಿರ ಹೋದರೂ ಕಾಣುವುದಿಲ್ಲ. ಕಡುಗೆಂಪು ಬಣ್ಣದ್ದು ಒಂದು ಹೀಗೇ ಹೋಯಿತು. ನಾನು ಈಗ ಊರ ಹೊರಗಿನ ಬೀಳು ಭೂಮಿಯಲ್ಲಿ, ಸೂರ್ಯ ಹುಟ್ಟುವ ಹೊತ್ತಿಗೆ ಮಾಡುತ್ತೇನೆ. ಹತ್ತು ಗಂಟೆಯ ಮೇಲೆ ಗಾಳಿ ಏಳುತ್ತದೆ, ಅಂಕಿಗಳಿಗೆ ಅರ್ಥ ಇರುವುದಿಲ್ಲ. 2016ರಲ್ಲಿ ಅಮೆರಿಕದ ನೆವಾಡಾದಲ್ಲಿ ಡಿಸ್ಕ್ ಗಾಲ್ಫ್ ಆಟಗಾರ ಡೇವಿಡ್ ವಿಗಿನ್ಸ್ ಜೂನಿಯರ್ 338 ಮೀಟರ್ ಎಸೆದಾಗ ಬೆನ್ನಿಗೆ ಜೋರು ಗಾಳಿ ಇತ್ತು. ಗಾಳಿಯಲ್ಲಿ ನನ್ನ ಮಷೀನೂ ಒಮ್ಮೆ 90 ತೋರಿಸಿತು, ನಾನದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ದುಡ್ಡು: ಎರಡೂ ಮೋಟರ್ ಹಳೆಯವು, ಸೇರಿ ನಾಲ್ಕೂವರೆ. ಬೇರಿಂಗ್ ಸಾವಿರದ ಚಿಲ್ಲರೆ. ಪುಲ್ಲಿ ಮತ್ತು ಲೇತ್ ಕೆಲಸ ಮೂರು ಸಾವಿರ, ಕಾಕಾ ಕಡಿಮೆ ಮಾಡಿದ್ದರು. ಪೈಪು, ತಗಡು, ಜಾಳಿಗೆ ಎರಡು. ಬೆಲ್ಟು, ನೈಲಾನು, ಸಣ್ಣಪುಟ್ಟದ್ದು ಒಂದೂವರೆ. ಹನ್ನೆರಡು ಸಾವಿರಕ್ಕೆ ನಿಂತಿದೆ ಅಂದುಕೊಳ್ಳಿ. ಅದಕ್ಕೂ ಮೊದಲು ಮುಳುಗಿದ್ದು ಹತ್ತರ ಹತ್ತಿರ, ಹಾಳಾದ ಡಿಸ್ಕ್ ಸೇರಿಸಿ. ಮನೆಯಲ್ಲಿ ಹೇಳಿರುವ ಲೆಕ್ಕ ಬೇರೆ.

ಈಗ ಡಿಸ್ಕನ್ನು ಕೈಯಿಂದ ತಳ್ಳುವುದಿಲ್ಲ, ಮರದ ತಳ್ಳುಕೋಲು ಇದೆ. ಬೆಲ್ಟಿನ ಮೇಲೆ ಎರಡೂ ಕಡೆ ಜಾಳಿಗೆ ಮುಚ್ಚಿದೆ, ಎಸೆಯುವಾಗ ಎಲ್ಲರೂ ಮಷೀನಿನ ಹಿಂದೆ. ಮುಂದಿನ ಕೆಲಸ, ಐದು ಡಿಸ್ಕ್ ಒಂದರ ಮೇಲೊಂದು ಇಟ್ಟರೆ ತಾನೇ ಒಂದೊಂದಾಗಿ ಇಳಿಯುವ ಡಬ್ಬಿ. ತಗಡು ಕತ್ತರಿಸಿ ಇಟ್ಟಿದ್ದೇನೆ. ಮೂರನೇ ಡಿಸ್ಕಿಗೆ ಸಿಕ್ಕಿಕೊಳ್ಳುತ್ತಿದೆ.