ಆಸ್ಪತ್ರೆಗೆ ಹೋಗದವರ ಲೆಕ್ಕ

ಆರೋಗ್ಯ ಸೇವೆಗಳ ಬಳಕೆಯ ದತ್ತಾಂಶವನ್ನು ಮೊದಲ ಬಾರಿ ತೆರೆದು ನೋಡುವವರ ಕಣ್ಣಿಗೆ ಬೀಳುವುದು ಸೊನ್ನೆಗಳು. ಕಳೆದ ಹದಿನೈದು ದಿನಗಳಲ್ಲಿ ವೈದ್ಯರನ್ನು ಎಷ್ಟು ಬಾರಿ ಕಂಡಿರಿ ಎಂಬ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಸೊನ್ನೆ, ನಡುನಡುವೆ ಒಂದು, ಎರಡು, ಅಪರೂಪಕ್ಕೆ ಒಂದು ಹದಿನಾಲ್ಕು. ಮನೆಮನೆ ಸಮೀಕ್ಷೆಗಳನ್ನು ರೂಪಿಸಿ, ಅದರಿಂದ ಬಂದ ಅಂಕಿಗಳನ್ನು ವಿಶ್ಲೇಷಿಸುವ ಕೆಲಸದಲ್ಲೇ ವರ್ಷಗಳನ್ನು ಕಳೆದಿರುವ ನನಗೆ ಈ ಕ್ಷೇತ್ರದ ಕಷ್ಟವೆಲ್ಲ ಆ ಸೊನ್ನೆಗಳಲ್ಲೇ ಕೂತಿದೆ ಅನ್ನಿಸುತ್ತದೆ. ಹೋದವರ ಬಗ್ಗೆ ಬೇಕಾದಷ್ಟು ತಿಳಿದಿರುತ್ತದೆ: ಬಿಲ್ಲು, ಔಷಧಿ ಚೀಟಿ, ರೋಗದ ಹೆಸರು. ಹೋಗದವರ ಬಗ್ಗೆ ತಿಳಿದಿರುವುದು ಅವರು ಹೋಗಲಿಲ್ಲ ಎಂಬುದಷ್ಟೇ.

ಒಬ್ಬರಿಗೆ ಕಾಯಿಲೆಯೇ ಬಂದಿರಲಿಲ್ಲ. ಇನ್ನೊಬ್ಬರಿಗೆ ಬಂದಿತ್ತು, ಆದರೆ ಅದನ್ನು ಅವರು ಕಾಯಿಲೆಯೆಂದು ಎಣಿಸಿರಲಿಲ್ಲ. ಮತ್ತೊಬ್ಬರು ಹೋಗಬೇಕೆಂದುಕೊಂಡರು, ಹಣವೋ ದೂರವೋ ಕೆಲಸಕ್ಕೆ ರಜೆ ಸಿಗದಿದ್ದುದೋ ಅಡ್ಡಬಂತು. ಕೊನೆಯವರು ಹೋಗಿಯೇ ಇದ್ದರು, ಸಮೀಕ್ಷಕರು ಕೇಳುವ ಹೊತ್ತಿಗೆ ಮರೆತಿದ್ದರು. ಕಂಪ್ಯೂಟರಿಗೆ ಈ ನಾಲ್ವರೂ ಒಂದೇ. ನಾಲ್ವರನ್ನೂ ಕೂಡಿಸಿ ಸರಾಸರಿ ತೆಗೆದರೆ ಗಟ್ಟಿಮುಟ್ಟಾದ ಸ್ಥಿತಿವಂತನೂ ನರಳುತ್ತಾ ಮನೆಯಲ್ಲೇ ಉಳಿದ ಬಡವನೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಆಮೇಲೆ ಎಷ್ಟೇ ನಾಜೂಕಾದ ಸಂಖ್ಯಾಶಾಸ್ತ್ರವನ್ನು ಹಚ್ಚಿದರೂ ಅವರನ್ನು ಬೇರ್ಪಡಿಸಲು ಬರುವುದಿಲ್ಲ. ಬೇರ್ಪಡಿಸುವುದಿದ್ದರೆ ಪ್ರಶ್ನಾವಳಿಯಲ್ಲೇ ಬೇರ್ಪಡಿಸಬೇಕು.

ಅದಕ್ಕಾಗಿಯೇ 'ಇತ್ತೀಚೆಗೆ ಕಾಯಿಲೆ ಬಿದ್ದಿದ್ದಿರಾ?' ಎಂಬ ಒಂಟಿ ಪ್ರಶ್ನೆಯನ್ನು ನಾನು ನಂಬುವುದಿಲ್ಲ. ಜ್ವರ, ಕೆಮ್ಮು, ಕೀಲುನೋವು, ತಲೆಸುತ್ತು, ಹಲ್ಲುನೋವು, ಮುಟ್ಟಿನ ತೊಂದರೆ, ನಿದ್ದೆ ಬಾರದಿರುವುದು ಎಂದು ಒಂದೊಂದನ್ನೂ ಹೆಸರು ಹಿಡಿದು ಕೇಳಿಸುತ್ತೇನೆ. ಅದರ ಬೆನ್ನಿಗೇ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆಯೇ, ಭಾರ ಎತ್ತಲು ಆಗುತ್ತದೆಯೇ, ದೂರದ ಅಕ್ಷರ ಕಾಣುತ್ತದೆಯೇ ಎಂಬ ಪ್ರಶ್ನೆಗಳು. ಕಾಯಿಲೆ ಇಲ್ಲ ಎಂದವರೇ ಇಲ್ಲಿ 'ಹೌದು, ಅದೊಂದು ಇದೆ' ಎನ್ನುತ್ತಾರೆ. ಅಮರ್ತ್ಯ ಸೇನ್ 2002ರಲ್ಲಿ ಬರೆದ ಒಂದು ಸಣ್ಣ ಲೇಖನ ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿತು. ಭಾರತದ ರಾಜ್ಯಗಳಲ್ಲಿ ಜನರ ಆಯಸ್ಸು ಹೆಚ್ಚಿರುವ ಕೇರಳದಲ್ಲೇ ತಮಗೆ ಕಾಯಿಲೆ ಇದೆ ಎಂದು ಹೇಳಿಕೊಳ್ಳುವವರು ಹೆಚ್ಚು, ಆಯಸ್ಸು ಕಡಿಮೆಯಿರುವ ಬಿಹಾರದಲ್ಲಿ ಹಾಗೆ ಹೇಳುವವರು ಕಡಿಮೆ ಎಂದು ಅವರು ತೋರಿಸಿದರು. ಓದು, ವೈದ್ಯರ ಒಡನಾಟ ಹೆಚ್ಚಿದಂತೆ ದೇಹದ ತೊಂದರೆಯನ್ನು ತೊಂದರೆಯೆಂದು ಗುರುತಿಸುವುದೂ ಹೆಚ್ಚುತ್ತದೆ. ಅಂದರೆ ಸೇವೆ ಸಿಗದ ಕಡೆ ಅಗತ್ಯವೂ ಕಡಿಮೆ ಕಾಣುತ್ತದೆ. ಅಂಥ ದತ್ತಾಂಶವನ್ನು ಹಿಡಿದು 'ಅಗತ್ಯಕ್ಕೆ ತಕ್ಕಂತೆ ಬಳಕೆ ಇದೆ' ಎಂದು ಬರೆದ ವರದಿಗಳನ್ನು ಓದಿದಾಗ ನನಗೆ ಕಿರಿಕಿರಿಯಾಗುತ್ತದೆ.

ಉತ್ತರಿಸುವವರು ಯಾರು ಎಂಬುದೂ ಅಷ್ಟೇ ಮುಖ್ಯ. ಸಮಯ ಉಳಿಸಲು ಮನೆಯ ಒಬ್ಬರಿಂದಲೇ ಎಲ್ಲರ ಕಾಯಿಲೆ ಬರೆಸಿಕೊಳ್ಳುವುದು ರೂಢಿ. ವಯಸ್ಕರ ವಿಷಯದಲ್ಲಿ ನಾನು ಇದಕ್ಕೆ ಒಪ್ಪುವುದಿಲ್ಲ. ಸಮೀಕ್ಷೆಯ ಖರ್ಚು ಏರುತ್ತದೆ, ಮೇಲ್ವಿಚಾರಕರು ಗೊಣಗುತ್ತಾರೆ, ಇರಲಿ. ಸೊಸೆಯ ಬೆನ್ನುನೋವು ಮಾವನಿಗೆ ಗೊತ್ತಿರುತ್ತದೆ ಎಂದು ನಂಬಿ ಮಾಡಿದ ಲೆಕ್ಕಕ್ಕಿಂತ ಕಡಿಮೆ ಜನರನ್ನು ನೇರವಾಗಿ ಕೇಳಿದ ಚಿಕ್ಕ ಸಮೀಕ್ಷೆಯೇ ವಾಸಿ.

ಇನ್ನು ನೆನಪಿನ ಮಾತು. ಎಷ್ಟು ದಿನಗಳ ಹಿಂದಿನದನ್ನು ಕೇಳಬೇಕು? ಅವಧಿ ಚಿಕ್ಕದಾದರೆ ಸೊನ್ನೆಗಳು ಹೆಚ್ಚುತ್ತವೆ, ದೊಡ್ಡದಾದರೆ ಮರೆವು ಹೆಚ್ಚುತ್ತದೆ. ಎಲ್ಲರೂ ಒಂದೇ ಪ್ರಮಾಣದಲ್ಲಿ ಮರೆಯುವುದಾದರೆ ಹೇಗೋ ಸರಿದೂಗಿಸಬಹುದಿತ್ತು, ಆದರೆ ಹಾಗಾಗುವುದಿಲ್ಲ. ದೆಹಲಿಯಲ್ಲಿ 2000ದಿಂದ 2002ರವರೆಗೆ 1,621 ಜನರನ್ನು ಹಿಂಬಾಲಿಸಿ ಜಿಷ್ಣು ದಾಸ್ ಮತ್ತು ಸಂಗಡಿಗರು ಮಾಡಿದ ಅಧ್ಯಯನವನ್ನು ನಾನು ಹೊಸ ಸಹಾಯಕರಿಗೆಲ್ಲ ಮೊದಲು ಓದಿಸುತ್ತೇನೆ. ವಾರಕ್ಕೊಮ್ಮೆ ಕೇಳಿದಾಗ ಬಡವರು ಶ್ರೀಮಂತರಿಗಿಂತ ಹೆಚ್ಚು ಬಾರಿ ವೈದ್ಯರ ಬಳಿ ಹೋಗಿದ್ದರು. ತಿಂಗಳಿಗೊಮ್ಮೆ ಕೇಳಿದಾಗ ಲೆಕ್ಕ ತಲೆಕೆಳಗಾಗಿ, ಬಡವರು ಕಡಿಮೆ ಹೋಗುತ್ತಾರೆ ಎಂದು ಬಂತು. ಬಡವರಿಗೆ ಕಾಯಿಲೆ ನೆನಪಿಡುವಂಥ ವಿಶೇಷ ಸಂಗತಿಯಾಗಿ ಉಳಿದಿಲ್ಲ, ದಿನನಿತ್ಯದ ಬದುಕಾಗಿಬಿಟ್ಟಿದೆ ಎಂಬುದು ಸಂಶೋಧಕರ ಊಹೆ. ಪ್ರಶ್ನೆಯಲ್ಲಿ 'ವಾರ' ಎಂದು ಬರೆಯುತ್ತೀರೋ 'ತಿಂಗಳು' ಎಂದು ಬರೆಯುತ್ತೀರೋ ಎಂಬುದರ ಮೇಲೆ ಸಮಾನತೆಯ ಕುರಿತ ತೀರ್ಮಾನವೇ ತಿರುಗಿ ನಿಲ್ಲುತ್ತದೆ! ನಾನು ಹೊರರೋಗಿ ಭೇಟಿಗೆ ಒಂದು ಅಥವಾ ಎರಡು ವಾರ, ಆಸ್ಪತ್ರೆ ದಾಖಲಾತಿಗೆ ಒಂದು ವರ್ಷ ಇಟ್ಟುಕೊಳ್ಳುತ್ತೇನೆ. ದಾಖಲಾದದ್ದನ್ನು ಜನ ಸುಲಭವಾಗಿ ಮರೆಯುವುದಿಲ್ಲ. ಬೇರೆ ಬೇರೆ ಅವಧಿಯ ಎರಡು ಸಮೀಕ್ಷೆಗಳನ್ನು ಗುಣಿಸಿ ಭಾಗಿಸಿ ಹೋಲಿಸುವ ಕೆಲಸಕ್ಕೆ ಮಾತ್ರ ಕೈ ಹಾಕುವುದಿಲ್ಲ.

ದತ್ತಾಂಶ ಕೈಗೆ ಬಂದ ಮೇಲೆ ಚೌಕಟ್ಟಿನ ಪ್ರಶ್ನೆ ಬರುತ್ತದೆ. ಯಾರು, ಏಕೆ ಸೇವೆ ಬಳಸುತ್ತಾರೆ ಎಂದು ವಿವರಿಸಲು ರೊನಾಲ್ಡ್ ಆಂಡರ್ಸನ್ 1968ರಲ್ಲಿ ಮುಂದಿಟ್ಟ ಮಾದರಿಯನ್ನು ಎಲ್ಲರೂ ಬಳಸುತ್ತಾರೆ. ವಯಸ್ಸು, ಓದು, ನಂಬಿಕೆಗಳಂಥ ಮೊದಲೇ ಇರುವ ಅಂಶಗಳು ಒಂದು ಗುಂಪು, ಆದಾಯ, ವಿಮೆ, ದೂರದಂಥ ಅನುಕೂಲದ ಅಂಶಗಳು ಇನ್ನೊಂದು, ಅಗತ್ಯ ಮೂರನೆಯದು. ಬಳಕೆಯ ವ್ಯತ್ಯಾಸವನ್ನು ಅಗತ್ಯ ವಿವರಿಸಿದರೆ ಅದು ನ್ಯಾಯ, ಆದಾಯ ವಿವರಿಸಿದರೆ ಅನ್ಯಾಯ ಎಂಬ ಅದರ ಒಳನೋಟ ಇಂದಿಗೂ ಗಟ್ಟಿಯಾಗಿದೆ. ಆದರೆ ಇದ್ದಬದ್ದ ಚರಾಂಶಗಳನ್ನೆಲ್ಲ ಮೂರು ಡಬ್ಬಿಗಳಿಗೆ ಸುರಿದು ಅದನ್ನೇ ಸಿದ್ಧಾಂತ ಎನ್ನುವ ಪ್ರಬಂಧಗಳೇ ಹೆಚ್ಚು.

ನನ್ನ ದಿನನಿತ್ಯದ ಉಪಕರಣವೆಂದರೆ ಎರಡು ಹಂತದ ಮಾದರಿ. ಹೋದರೋ ಇಲ್ಲವೋ ಎಂಬುದು ಮೊದಲ ಹಂತ, ಹೋದವರು ಎಷ್ಟು ಖರ್ಚು ಮಾಡಿದರು ಎಂಬುದು ಎರಡನೆಯದು. ಎರಡಕ್ಕೂ ಬೇರೆ ಬೇರೆ ಸಮೀಕರಣ. ಇದು ಅಮೆರಿಕದ ರಾಂಡ್ ಎಂಬ ಸಂಶೋಧನಾ ಸಂಸ್ಥೆಯ ಆರೋಗ್ಯ ವಿಮಾ ಪ್ರಯೋಗದ ದತ್ತಾಂಶದೊಂದಿಗೆ ಸೆಣಸಿದವರಿಂದ ಬಳಕೆಗೆ ಬಂದ ವಿಧಾನ. ಜೋಸೆಫ್ ನ್ಯೂಹೌಸ್ ನೇತೃತ್ವದಲ್ಲಿ 1974ರಿಂದ 1982ರವರೆಗೆ ನಡೆದ ಆ ಪ್ರಯೋಗದಲ್ಲಿ ಕುಟುಂಬಗಳನ್ನು ಚೀಟಿ ಎತ್ತಿದಂತೆ ಬೇರೆ ಬೇರೆ ವಿಮಾ ಯೋಜನೆಗಳಿಗೆ ಹಂಚಲಾಗಿತ್ತು. ಕೆಲವರಿಗೆ ಚಿಕಿತ್ಸೆ ಪೂರ್ತಿ ಉಚಿತ, ಕೆಲವರು ಒಂದು ಮಿತಿಯವರೆಗೆ ಬಿಲ್ಲಿನ ಶೇ. 25, 50 ಅಥವಾ 95ರಷ್ಟನ್ನು ತಾವೇ ಕೊಡಬೇಕು. ಶೇ. 95 ಕೊಡಬೇಕಾದವರ ವೆಚ್ಚ ಉಚಿತ ಗುಂಪಿಗಿಂತ ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ಪಠ್ಯಪುಸ್ತಕಗಳು ಇಷ್ಟಕ್ಕೇ ನಿಲ್ಲುತ್ತವೆ. ನನಗೆ ಮುಖ್ಯವಾಗಿ ಕಂಡದ್ದು ಅದರ ಒಳವಿವರ: ಇಳಿಕೆ ಬಹುಪಾಲು ಬಂದದ್ದು ಜನ ವೈದ್ಯರ ಬಳಿಗೆ ಹೋಗುವುದನ್ನೇ ಬಿಟ್ಟಿದ್ದರಿಂದ. ಒಮ್ಮೆ ಒಳಗೆ ಹೋದ ಮೇಲೆ ಚಿಕಿತ್ಸೆಯ ವೆಚ್ಚದಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಬಿಟ್ಟದ್ದರಲ್ಲಿ ಬೇಕಾದ ಚಿಕಿತ್ಸೆ, ಬೇಡದ ಚಿಕಿತ್ಸೆ ಎರಡೂ ಹೆಚ್ಚುಕಡಿಮೆ ಸಮನಾಗಿದ್ದವು. ಸಾಮಾನ್ಯರ ಆರೋಗ್ಯಕ್ಕೆ ಇದರಿಂದ ಹೇಳಿಕೊಳ್ಳುವಂಥ ಹಾನಿ ಕಾಣಲಿಲ್ಲ. ಬಡವರೂ ಆಗಿ ಕಾಯಿಲೆಯವರೂ ಆಗಿದ್ದವರಲ್ಲಿ ಮಾತ್ರ ಉಚಿತ ಚಿಕಿತ್ಸೆ ಸಿಕ್ಕವರ ರಕ್ತದೊತ್ತಡ ಚೆನ್ನಾಗಿ ಹತೋಟಿಗೆ ಬಂದಿತ್ತು.

ಹೋಗುವ ತೀರ್ಮಾನ ರೋಗಿಯದು, ಹೋದ ಮೇಲಿನ ತೀರ್ಮಾನ ಬಹುಮಟ್ಟಿಗೆ ವೈದ್ಯರದು. ಜಾನ್ ವೆನ್‌ಬರ್ಗ್ ಮತ್ತು ಅಲನ್ ಗಿಟಲ್‌ಸನ್ 1973ರಲ್ಲಿ ಅಮೆರಿಕದ ವೆರ್ಮಾಂಟ್ ರಾಜ್ಯದ ನೆರೆಹೊರೆಯ ಪ್ರದೇಶಗಳನ್ನು ಹೋಲಿಸಿದಾಗ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ಪ್ರಮಾಣದಲ್ಲಿ ಕಂಡ ಭಾರಿ ಅಂತರವನ್ನು ಕಾಯಿಲೆಯ ಅಂತರದಿಂದ ವಿವರಿಸಲು ಆಗಲಿಲ್ಲ. ಹಾಗಿರುವಾಗ ಎರಡು ತೀರ್ಮಾನಗಳನ್ನೂ ಒಂದೇ ಸಮೀಕರಣಕ್ಕೆ ತುರುಕುವುದೇಕೆ?

ಎರಡನೇ ಹಂತದಲ್ಲಿ ಬೇರೆಯೇ ತಲೆನೋವು. ಖರ್ಚು ಎಲ್ಲ ಕಡೆಯೂ ಕೆಲವರ ಮೇಲೆ ಗುಡ್ಡೆ ಬಿದ್ದಿರುತ್ತದೆ. ಅಮೆರಿಕದಲ್ಲಿ ಶೇ. 5ರಷ್ಟು ಜನರ ಚಿಕಿತ್ಸೆಗೆ ಒಟ್ಟು ವೆಚ್ಚದ ಸುಮಾರು ಅರ್ಧ ಹೋಗುತ್ತದೆ. ದೊಡ್ಡ ಖರ್ಚುಗಳ ಈ ಉದ್ದ ಬಾಲವನ್ನು ಮಣಿಸಲು ಲಾಗ್ (ದೊಡ್ಡ ಅಂಕಿಗಳನ್ನು ಹೆಚ್ಚು ಕುಗ್ಗಿಸುವ ಲಾಗರಿದಮ್) ತೆಗೆಯುತ್ತಾರೆ. ಸೊನ್ನೆಗೆ ಲಾಗ್ ಇಲ್ಲವಾದ್ದರಿಂದ ಎಲ್ಲಕ್ಕೂ ಒಂದನ್ನು ಕೂಡಿಸಿ ಮುಂದುವರಿಯುತ್ತಾರೆ. ಇದು ನನಗೆ ಕಂಡರಾಗದ ಅಭ್ಯಾಸ. ಹಣದ ಘಟಕ ಬದಲಿಸಿದರೆ ಫಲಿತಾಂಶವೂ ಬದಲಾಗುತ್ತದೆ. ಕೂಡಿಸಿದ ಆ ಒಂದಕ್ಕೆ ಅರ್ಥವೇ ಇಲ್ಲ. ಖರ್ಚು ಮಾಡಿದವರಿಗಷ್ಟೇ ಲಾಗ್ ಕೊಂಡಿ, ಗಾಮಾ ಹಂಚಿಕೆಯ ಸಾಮಾನ್ಯೀಕೃತ ರೇಖೀಯ ಮಾದರಿಯನ್ನು, ಅಂದರೆ ಇಂಥ ಉದ್ದ ಬಾಲದ ಅಂಕಿಗಳನ್ನು ಇದ್ದಂತೆಯೇ ನಿಭಾಯಿಸುವ ಸಮೀಕರಣವನ್ನು, ಹೂಡುತ್ತೇನೆ. ಹಂಚಿಕೆ ಸರಿಹೊಂದುತ್ತದೆಯೇ ಎಂದು ಪರೀಕ್ಷಿಸಿ, ಕೊನೆಗೆ ಎರಡೂ ಹಂತಗಳನ್ನು ಗುಣಿಸಿ ತಲಾ ವೆಚ್ಚಕ್ಕೆ ಬರುತ್ತೇನೆ. ಭೇಟಿಗಳ ಎಣಿಕೆಯಾದರೆ, ತುಂಬಾ ಏರುಪೇರಾಗುವ ಎಣಿಕೆಗಳಿಗೆ ಹೊಂದುವ ಋಣಾತ್ಮಕ ದ್ವಿಪದ ಮಾದರಿ ಸಾಕು.

ವಿಮೆಯ ಪ್ರಭಾವ ಎಷ್ಟು ಎಂಬುದು ಸಮೀಕ್ಷೆಗೆ ಹಣ ಕೊಡುವವರು ತಪ್ಪದೆ ಕೇಳುವ ಪ್ರಶ್ನೆ. ವಿಮೆ ಇದ್ದವರು ಹೆಚ್ಚು ಹೋಗುತ್ತಾರೆ ಎಂಬುದರಲ್ಲಿ ಹೊಸದೇನಿಲ್ಲ. ಕಾಯಿಲೆ ಇದ್ದವರೇ ವಿಮೆ ಮಾಡಿಸಿಕೊಂಡಿರಬಹುದಲ್ಲವೇ? ಇದನ್ನು ಬಿಡಿಸಲು ಅಮೆರಿಕದ ಒರೆಗಾನ್ ರಾಜ್ಯಕ್ಕೆ 2008ರಲ್ಲಿ ಅದೃಷ್ಟ ಒದಗಿತು. ಬಡವರ ಸರ್ಕಾರಿ ವಿಮೆಗೆ ಅರ್ಜಿದಾರರ ಸಂಖ್ಯೆ ಹೆಚ್ಚಾದ್ದರಿಂದ ಸರ್ಕಾರ ಲಾಟರಿ ಎತ್ತಿತು. ವಿಮೆ ಸಿಕ್ಕವರು ವೈದ್ಯರ ಬಳಿಗೂ ಆಸ್ಪತ್ರೆಗೂ ಹೆಚ್ಚು ಹೋದರು, ಸಾಲದ ಹೊರೆ ತಗ್ಗಿತು, ಖಿನ್ನತೆ ಇಳಿಯಿತು. ಸುಮಾರು ಎರಡು ವರ್ಷಗಳಲ್ಲಿ ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಖಚಿತ ಸುಧಾರಣೆ ಕಾಣಲಿಲ್ಲ. ವಿಮೆ ಬಂದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವವರು ಕಡಿಮೆಯಾಗುತ್ತಾರೆ ಎಂದುಕೊಂಡವರಿಗೆ ಅದು ಸುಮಾರು ಶೇ. 40ರಷ್ಟು ಏರಿದ್ದು ಆಘಾತ ತಂದಿತು. ನನಗೇನೂ ಆಶ್ಚರ್ಯವಾಗಲಿಲ್ಲ. ಅಷ್ಟು ದಿನ ಸೊನ್ನೆಯಾಗಿ ಕೂತಿದ್ದ ಅಗತ್ಯ ಬಾಗಿಲು ತೆರೆದ ಕೂಡಲೇ ಒಳಗೆ ಬಂತು, ಅಷ್ಟೇ.

ನಮ್ಮಂಥವರಿಗೆ ಲಾಟರಿ ಸಿಗುವುದು ಅಪರೂಪ. ಯೋಜನೆ ಹಂತಹಂತವಾಗಿ ಜಾರಿಯಾಗಿದ್ದರೆ ಮೊದಲು ಬಂದ ಕಡೆಯನ್ನು ತಡವಾಗಿ ಬಂದ ಕಡೆಯೊಂದಿಗೆ ಹೋಲಿಸುತ್ತೇನೆ, ಅದಕ್ಕೂ ಮುನ್ನ ಎರಡೂ ಕಡೆ ಬಳಕೆ ಒಂದೇ ಜಾಡಿನಲ್ಲಿ ಸಾಗುತ್ತಿತ್ತೇ ಎಂದು ನೋಡುತ್ತೇನೆ. ಆದಾಯದ ಮಿತಿ ಇದ್ದರೆ ಮಿತಿಯ ಆಚೀಚೆ ಕೂದಲೆಳೆಯ ಅಂತರದಲ್ಲಿ ಇರುವವರನ್ನು ಹೋಲಿಸುತ್ತೇನೆ. ಮಿತಿಯ ಸ್ವಲ್ಪ ಕೆಳಗೆ ಜನ ಅಸಹಜವಾಗಿ ಕಿಕ್ಕಿರಿದಿದ್ದರೆ ಆ ದಾರಿ ಬಿಡುತ್ತೇನೆ. ಆದಾಯ ಪತ್ರಗಳು ಹೇಗೆ ತಯಾರಾಗುತ್ತವೆ ಎಂಬುದು ಯಾರಿಗೆ ಗೊತ್ತಿಲ್ಲ?

ಸೊನ್ನೆ ಅತ್ಯಂತ ಕ್ರೂರವಾಗಿ ಮೋಸ ಮಾಡುವುದು ಚಿಕಿತ್ಸೆಯಿಂದ ಬಡತನಕ್ಕೆ ಬೀಳುವವರನ್ನು ಎಣಿಸುವಾಗ. ಮನೆಯ ಒಟ್ಟು ವೆಚ್ಚದಲ್ಲಿ ಶೇ. 10 ಅಥವಾ 25ಕ್ಕಿಂತ ಹೆಚ್ಚು ಚಿಕಿತ್ಸೆಗೆ ಹೋದರೆ ಅದನ್ನು ವಿನಾಶಕಾರಿ ವೆಚ್ಚ ಎನ್ನುವುದು ಬಹುಕಾಲದಿಂದ ಬಂದ ಅಳತೆ. ಅನ್ನ, ಬಾಡಿಗೆಗಳನ್ನು ಕಳೆದು ಉಳಿದದ್ದರಲ್ಲಿ ಶೇ. 40 ಎಂಬ ಅಳತೆಯೂ ಇದೆ. ಯಾವುದನ್ನು ಹಿಡಿದರೂ ಹಣವಿಲ್ಲವೆಂದು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರು 'ಸುರಕ್ಷಿತ'ರ ಪಟ್ಟಿಗೆ ಸೇರುತ್ತಾರೆ. ಕಡುಬಡವರಲ್ಲಿ ವಿನಾಶಕಾರಿ ವೆಚ್ಚ ಕಡಿಮೆ ಎಂಬ ಕೋಷ್ಟಕ ಹುಟ್ಟುವುದು ಹೀಗೆ. ಆ ಅಂಕಿಯನ್ನು ನಾನು ಒಂಟಿಯಾಗಿ ಎಂದೂ ಅಚ್ಚಿಗೆ ಕಳುಹಿಸುವುದಿಲ್ಲ. ಪಕ್ಕದಲ್ಲೇ ಬೇಕಿದ್ದೂ ಹೋಗದವರ ಪ್ರಮಾಣ, ಅದರ ಪಕ್ಕದಲ್ಲಿ ಸಾಲ ಮಾಡಿ ಅಥವಾ ಆಸ್ತಿ ಮಾರಿ ಹೋದವರ ಪ್ರಮಾಣ ಇರಬೇಕು. 'ಹೋಗಲಿಲ್ಲ ಎಂಬುದು ಅವರ ಹೇಳಿಕೆ ಮಾತ್ರ, ಅದನ್ನು ತೆಗೆದುಬಿಡಿ' ಎಂದು ಸಲಹೆ ಕೊಟ್ಟವರಿದ್ದಾರೆ. ಖರ್ಚೂ ಅವರ ಹೇಳಿಕೆಯೇ ಅಲ್ಲವೇ ಎಂದರೆ ಉತ್ತರವಿಲ್ಲ.

ಈಗ ಲೆಕ್ಕಗಳು ಯಂತ್ರದ ಕೈಗೆ ಹೋಗುತ್ತಿವೆ, ಸೊನ್ನೆಗಳೂ ಜೊತೆಯಲ್ಲೇ ಹೋಗುತ್ತಿವೆ. ಹೆಚ್ಚಿನ ಆರೈಕೆ ಯಾರಿಗೆ ಬೇಕು ಎಂದು ಗುರುತಿಸುವ ಒಂದು ಅಮೆರಿಕನ್ ತಂತ್ರಾಂಶ ಅಗತ್ಯವನ್ನು ಅಳೆಯಲು ವೆಚ್ಚವನ್ನೇ ಮಾನದಂಡ ಮಾಡಿಕೊಂಡಿತ್ತು. ಅಷ್ಟೇ ಕಾಯಿಲೆ ಇದ್ದರೂ ಕರಿಯರ ಮೇಲಾಗುತ್ತಿದ್ದ ಖರ್ಚು ಕಡಿಮೆಯಿದ್ದುದರಿಂದ ಅವರು ಆರೋಗ್ಯವಂತರಂತೆ ಕಂಡರು. ದೋಷ ಸರಿಪಡಿಸಿದರೆ ಹೆಚ್ಚುವರಿ ನೆರವು ಸಿಗುವವರಲ್ಲಿ ಕರಿಯರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತದೆ ಎಂದು ಜಿಯಾದ್ ಒಬರ್‌ಮೇಯರ್ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದರು.

ಸದ್ಯ ನನ್ನ ತಲೆ ತಿನ್ನುತ್ತಿರುವುದು ಹೋಗಿ ನಿಲ್ಲಿಸಿದವರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಪತ್ತೆಯಾಗಿ ಕೆಲವು ತಿಂಗಳು ಮಾತ್ರೆ ನುಂಗಿ ಕೈಬಿಟ್ಟವರು ವರ್ಷದ ಲೆಕ್ಕದಲ್ಲಿ ಸೇವೆ ಬಳಸಿದವರಾಗಿಯೇ ನಿಲ್ಲುತ್ತಾರೆ. 'ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತೀರಾ?' ಎಂದರೆ ಎಲ್ಲರೂ ಹೌದೆನ್ನುತ್ತಾರೆ. ಆದ್ದರಿಂದ ಹೊಸ ಪ್ರಶ್ನಾವಳಿಯಲ್ಲಿ 'ಕಳೆದ ಬಾರಿ ಮಾತ್ರೆ ಮುಗಿದಾಗ ಏನು ಮಾಡಿದಿರಿ?' ಎಂದು ಕೇಳಿ, ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್ಪನ್ನು ತಂದು ತೋರಿಸಲು ಹೇಳುತ್ತಿದ್ದೇವೆ. ಸ್ಟ್ರಿಪ್ಪಿನಲ್ಲಿ ಉಳಿದ ಮಾತ್ರೆಗಳನ್ನೂ ಚೀಟಿಯ ದಿನಾಂಕವನ್ನೂ ಸಮೀಕ್ಷಕರು ಬರೆದುಕೊಳ್ಳುತ್ತಾರೆ. ಅಂಕಿಗಳು ಇನ್ನೂ ಬರುತ್ತಿವೆ.