ತೆರಿಗೆ ರಸೀದಿ ಹಿಡಿದು ಬಜೆಟ್ ಪುಸ್ತಕ ಓದುವ ಬಗೆ

ಏಪ್ರಿಲ್ 30ರೊಳಗೆ ಆಸ್ತಿ ತೆರಿಗೆಯನ್ನು ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರಿಗೆಲ್ಲ ಬಾಯಿಪಾಠವಾಗಿರುವ ಪಾಲಿಕೆಯ ನಿಯಮ ಬಹುಶಃ ಇದೊಂದೇ. ರಾಜಾಜಿನಗರದಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ನಡೆಸುವ ನನಗೆ ಆ ತಿಂಗಳ ಕೊನೆಯ ವಾರ ಊಟಕ್ಕೂ ಬಿಡುವಿರುವುದಿಲ್ಲ. ರಸೀದಿ ಮುದ್ರಿಸಿ ಕೊಟ್ಟರೆ ಜನ ಅದನ್ನು ಓದದೆಯೇ ಮಡಚಿ ಪ್ಲಾಸ್ಟಿಕ್ ಕವರಿಗೆ ಸೇರಿಸುತ್ತಾರೆ. ಜೂನ್ ಮಳೆಗೆ ಚರಂಡಿ ಉಕ್ಕಿದಾಗ ಅದೇ ಜನ ಬಂದು, 'ನಾವೇನು ತೆರಿಗೆ ಕಟ್ಟುವುದಿಲ್ಲವೇ' ಎಂದು ನನ್ನ ಮುಂದೆ ಬೈಯುತ್ತಾರೆ.

ಬೈಯುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಆ ವರ್ಷದ ದುಡ್ಡು ಯಾವ ಬಾಬ್ತಿಗೆ ಎಂಬುದು ಮಾರ್ಚ್ ತಿಂಗಳಲ್ಲೇ ತೀರ್ಮಾನವಾಗಿ ಹೋಗಿರುತ್ತದೆ. ಕೇಳಬೇಕಾದದ್ದು ಅದಕ್ಕಿಂತ ಮುಂಚೆ. ಅದನ್ನೂ ಇಡೀ ಊರಿನ ಪರವಾಗಿ ಕೇಳಬೇಡಿ. ನಿಮ್ಮ ಬೀದಿಯ ಒಂದು ಕೆಲಸ ಹಿಡಿಯಿರಿ, ಅದಕ್ಕೊಂದು ಸಂಖ್ಯೆ ಹುಡುಕಿ, ಆ ಸಂಖ್ಯೆಯನ್ನು ಮಾತ್ರ ಬೆನ್ನಟ್ಟಿ. ನನ್ನ ಅಂಗಡಿಯಲ್ಲಿ ಅರ್ಜಿ ಬರೆಸಿ ಕೆಲಸ ಮಾಡಿಸಿಕೊಂಡವರೆಲ್ಲರೂ ಹೀಗೆ ಮಾಡಿದವರೇ.

ಮೊದಲು ನಿಮ್ಮ ತೆರಿಗೆ ಹೇಗೆ ಬಂತು ಎಂದು ತಿಳಿಯಿರಿ. ಬೆಂಗಳೂರಿನಲ್ಲಿ 2000ದಿಂದ ಸ್ವಯಂ ಘೋಷಣೆಯ ಪದ್ಧತಿ ಇದೆ. 2008-09ರಿಂದ ಅದು ಚದರ ಅಡಿಯ ದರದ ಮೇಲೆ ನಡೆಯುತ್ತಿದೆ. ಸರ್ಕಾರ ಆಸ್ತಿಗೆ ಗೊತ್ತುಪಡಿಸಿದ ಬೆಲೆ, ಅಂದರೆ ಮಾರ್ಗಸೂಚಿ ದರ ನೋಡಿ ಬೀದಿಗಳನ್ನು ಎ ಇಂದ ಎಫ್‌ವರೆಗೆ ಆರು ವಲಯಗಳಾಗಿ ವಿಂಗಡಿಸಿದ್ದಾರೆ. ಪ್ರತಿ ವಲಯಕ್ಕೂ ಸ್ವಂತ ವಾಸಕ್ಕೆ ಒಂದು ದರ, ಬಾಡಿಗೆಗೆ ಅದರ ಎರಡರಷ್ಟು. ವಿಸ್ತೀರ್ಣವನ್ನು ದರದಿಂದ ಗುಣಿಸಿ, ಅದನ್ನು 10 ತಿಂಗಳಿಗೆ ಲೆಕ್ಕ ಹಾಕಿ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದು, ಉಳಿದದ್ದರಲ್ಲಿ ಶೇ 20 ತೆಗೆದರೆ ವಾಸದ ಮನೆಯ ತೆರಿಗೆ. ವಾಣಿಜ್ಯ ಕಟ್ಟಡಕ್ಕೆ ಶೇ 25.

ಉದಾಹರಣೆಗೆ ನಿಮ್ಮ ಬೀದಿಯ ಸ್ವಂತ ವಾಸದ ದರ ಚದರ ಅಡಿಗೆ 2 ರೂಪಾಯಿ ಎಂದಿಟ್ಟುಕೊಳ್ಳಿ. ಕೆಳಗೆ ನೀವಿರುವ 1,000 ಚದರ ಅಡಿಗೆ 20,000. ಮೇಲೆ ಬಾಡಿಗೆಗೆ ಕೊಟ್ಟ 600 ಚದರ ಅಡಿಗೆ 4 ರೂಪಾಯಿಯಂತೆ 24,000. ಒಟ್ಟು 44,000. ಸವಕಳಿ ಶೇ 10 ಎಂದರೆ 4,400 ಹೋಗಿ 39,600 ಉಳಿಯುತ್ತದೆ. ಅದರ ಶೇ 20, ಅಂದರೆ 7,920 ರೂಪಾಯಿ ತೆರಿಗೆ. ಇಷ್ಟು ಲೆಕ್ಕವನ್ನು ಹಾಲಿನ ಚೀಟಿಯ ಹಿಂಬದಿಯಲ್ಲೇ ಮಾಡಬಹುದು. ವಾಹನ ನಿಲ್ಲಿಸುವ ಜಾಗ ಇದ್ದರೆ ಅದನ್ನೂ ಸೇರಿಸಬೇಕು.

ಇಲ್ಲಿ ಎರಡು ಕಡೆ ಕಣ್ಣಿಡಿ. ಒಂದು, ವಲಯ. 2016ರಲ್ಲಿ ದರ ಪರಿಷ್ಕರಣೆಯಾದಾಗ ಅನೇಕ ಬೀದಿಗಳ ವಲಯವೂ ಬದಲಾಯಿತು. ಹಳೆಯ ವಲಯವನ್ನೇ ನಮೂದಿಸಿ ಕಟ್ಟುತ್ತಾ ಬಂದ ಸುಮಾರು 78 ಸಾವಿರ ಮಾಲೀಕರಿಗೆ ವರ್ಷಗಳ ಮೇಲೆ ಬಾಕಿಯ ನೋಟಿಸ್ ಬಂತು. ಎರಡು, ನಮೂನೆ. ಏನೂ ಬದಲಾಗಿಲ್ಲ ಎಂದರೆ ನಮೂನೆ 4. ಮಹಡಿ ಏರಿಸಿದ್ದರೆ, ಸ್ವಂತದ್ದು ಬಾಡಿಗೆಯಾಗಿದ್ದರೆ, ಮುಂದಿನ ಕೋಣೆ ಅಂಗಡಿಯಾಗಿದ್ದರೆ ನಮೂನೆ 5. ಬಾಡಿಗೆ ಮನೆಯನ್ನು ಸ್ವಂತದ್ದೆಂದು ತೋರಿಸಿ ಕೊಡಿ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ನಾನು ಮಾಡಿಕೊಡುವುದಿಲ್ಲ. ನೀತಿಯ ಮಾತು ಬಿಡಿ. ತಪ್ಪು ಘೋಷಣೆ ಮಾಡಿದವರು ಮುಂದೆ ಯಾವ ಕಚೇರಿಯಲ್ಲೂ ದನಿ ಎತ್ತಿ ಲೆಕ್ಕ ಕೇಳಲಾರರು. 

ಇನ್ನು ರಸೀದಿಯ ಕೆಳಗಿನ ಸಾಲುಗಳು. ತೆರಿಗೆಯ ಮೇಲೆ ಸೆಸ್ ಎಂದು ಇನ್ನೊಂದು ಮೊತ್ತ ಇರುತ್ತದೆ. ಅದರಲ್ಲಿ ತೆರಿಗೆಯ ಶೇ 6ರಷ್ಟು ಗ್ರಂಥಾಲಯಕ್ಕೆ. ಇದು 1965ರ ಗ್ರಂಥಾಲಯ ಕಾಯ್ದೆಯ ಫಲ. ಶೇ 3 ಭಿಕ್ಷುಕರ ಸೆಸ್, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಂಥ ಕಡೆ ಖರ್ಚಾಗಬೇಕಾದ ದುಡ್ಡು ಅದು. ಮೇಲಿನ ಲೆಕ್ಕದ ಮನೆಯವರು ವರ್ಷಕ್ಕೆ 475 ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕೊಡುತ್ತಾರೆ. ಅವರಲ್ಲಿ ಎಷ್ಟು ಮಂದಿ ಬಡಾವಣೆಯ ಗ್ರಂಥಾಲಯದ ಬಾಗಿಲು ಕಂಡಿದ್ದಾರೋ! ಪಾಲಿಕೆ ಈ ಸೆಸ್‌ಗಳನ್ನು ಸಂಗ್ರಹಿಸಿ ಆಯಾ ಇಲಾಖೆಗೆ ದಾಟಿಸಬೇಕು. ಎಷ್ಟು ಸಂಗ್ರಹವಾಯಿತು, ಎಷ್ಟು ದಾಟಿತು ಎಂಬ ಪ್ರಶ್ನೆಯನ್ನು ಯಾರು ಬೇಕಾದರೂ ಕೇಳಬಹುದು.

2025ರ ಏಪ್ರಿಲ್‌ನಿಂದ ಇದೇ ರಸೀದಿಗೆ ಕಸದ ಬಳಕೆದಾರರ ಶುಲ್ಕವೂ ಸೇರಿಕೊಂಡಿದೆ. ವಾಸದ ಕಟ್ಟಡ 600 ಚದರ ಅಡಿಯವರೆಗೆ ಇದ್ದರೆ ತಿಂಗಳಿಗೆ 10 ರೂಪಾಯಿ, 1,000ದವರೆಗೆ 50, 2,000ದವರೆಗೆ 100. ಹೀಗೆ ಏರುತ್ತಾ 4,000 ದಾಟಿದರೆ 400. ಇದು ತೆರಿಗೆಯಲ್ಲ, ಸೇವೆಗೆ ಕೊಡುವ ಬೆಲೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಇಂಥದ್ದೇ ಸೇವೆ ಕೊಡಿ ಎಂದು ಪಟ್ಟು ಹಿಡಿಯುವುದು ಕಷ್ಟ. ಶುಲ್ಕದ ಮಾತು ಬೇರೆ: ವಾರಕ್ಕೆ ಎಷ್ಟು ದಿನ ಗಾಡಿ ಬರಲಿಲ್ಲ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡು ಆ ಹಾಳೆಯ ಸಮೇತ ದೂರು ಕೊಡಿ.

ಬಜೆಟ್‌ಗೆ ಬರುವ ಮುನ್ನ ಇನ್ನೊಂದು ಗೊಂದಲ ಬಗೆಹರಿಯಬೇಕು. ನಿಮ್ಮ ಆಸ್ತಿ ತೆರಿಗೆಯಿಂದ ಕಾವೇರಿ ನೀರು ಬರುವುದಿಲ್ಲ, ಬಸ್ ಓಡುವುದಿಲ್ಲ, ವಿದ್ಯುತ್ ಹರಿಯುವುದಿಲ್ಲ. ಅವಕ್ಕೆ ಜಲಮಂಡಳಿ, ಬಿಎಂಟಿಸಿ, ಬೆಸ್ಕಾಂ ಬೇರೆಯೇ ಇವೆ. ಪಾಲಿಕೆಯ ಪಾಲಿಗೆ ಬರುವುದು ಬೀದಿ ರಸ್ತೆ, ಪಾದಚಾರಿ ಮಾರ್ಗ, ಮಳೆನೀರಿನ ಚರಂಡಿ, ರಾಜಕಾಲುವೆ, ಬೀದಿದೀಪ, ಉದ್ಯಾನ, ಪಾಲಿಕೆಯ ಶಾಲೆ ಮತ್ತು ಆಸ್ಪತ್ರೆ. ಅತಿ ಹೆಚ್ಚು ಜನ ಎಡವುವುದು ಚರಂಡಿಯಲ್ಲಿ (ನಿಜವಾಗಿಯೂ, ಲೆಕ್ಕದಲ್ಲೂ). ರಸ್ತೆ ಬದಿಯ ಕಲ್ಲುಚಪ್ಪಡಿಯ ಮೋರಿ ಪಾಲಿಕೆಯದು, ಮ್ಯಾನ್‌ಹೋಲಿನ ಕೆಳಗೆ ಹರಿಯುವ ಒಳಚರಂಡಿ ಜಲಮಂಡಳಿಯದು. ಎರಡೂ ಒಟ್ಟಿಗೆ ಉಕ್ಕುತ್ತವೆ. ನೀರಿಗೆ ಶೌಚದ ವಾಸನೆ ಇದ್ದರೆ 1916ಕ್ಕೆ, ಬರೀ ಮಳೆಯ ಕೆಸರಾದರೆ 1533ಕ್ಕೆ ದೂರು ಕೊಡಿ. ಎರಡರಲ್ಲೂ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಈಗ ಬಜೆಟ್ ಪುಸ್ತಕ. ಇಡೀ ಊರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿಯ ಕೊನೆಯ ಬಜೆಟ್ 2025ರ ಮಾರ್ಚ್‌ನಲ್ಲಿ ಪುರಭವನದಲ್ಲಿ ಮಂಡನೆಯಾಯಿತು. ಗಾತ್ರ ಸುಮಾರು 19,900 ಕೋಟಿ ರೂಪಾಯಿ. ಹಿಂದಿನ ವರ್ಷ ಸಂಗ್ರಹವಾದ ಆಸ್ತಿ ತೆರಿಗೆ 5,000 ಕೋಟಿಗೆ ಕೊಂಚ ಕಡಿಮೆ. ಅಂದರೆ ನಾವು ಕಟ್ಟುವುದು ಸರಿಸುಮಾರು ಕಾಲು ಭಾಗ. ಮಿಕ್ಕದ್ದರಲ್ಲಿ ಸರ್ಕಾರದ ಅನುದಾನ, ಸಾಲ, ನಾನಾ ಶುಲ್ಕಗಳು ಇರುತ್ತವೆ. ಅನುದಾನ ಬರುತ್ತದೆ ಎಂದು ಬರೆದ ಅಂಕಿಗೂ ನಿಜವಾಗಿ ಬಂದ ಅಂಕಿಗೂ ನಡುವೆ ಎಷ್ಟೋ ಸಲ ಕಂದಕವೇ ಇರುತ್ತದೆ. ಸಾಲದ್ದಕ್ಕೆ, 2020ರ ಸೆಪ್ಟೆಂಬರ್‌ನಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ಬಜೆಟ್ ಬರೆದು ಅಧಿಕಾರಿಗಳೇ ಒಪ್ಪಿದರು. ಕೈ ಎತ್ತಿ ಬೇಡ ಎನ್ನುವ ಚುನಾಯಿತ ಸದಸ್ಯ ಒಬ್ಬನೂ ಇರಲಿಲ್ಲ.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಮುಖ್ಯಮಂತ್ರಿಯ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ನಗರ ಪಾಲಿಕೆಗಳಾಗಿವೆ. ಒಟ್ಟು 369 ವಾರ್ಡ್. ನಮ್ಮ ಪಶ್ಚಿಮಕ್ಕೆ 112, ಪೂರ್ವಕ್ಕೆ ಬರೀ 50. ಆ ಐವತ್ತರಲ್ಲಿ ಮಹದೇವಪುರ ಇದೆ. ಐಟಿ ಕಟ್ಟಡಗಳ ಕೃಪೆಯಿಂದ ಹಿಂದಿನ ಬಿಬಿಎಂಪಿಯಲ್ಲಿ ಅತಿ ಹೆಚ್ಚು ಆಸ್ತಿ ತೆರಿಗೆ ತರುತ್ತಿದ್ದ ಆಡಳಿತ ವಲಯ ಅದು. ಹಿಂದೆ ಅಲ್ಲಿಯ ದುಡ್ಡು ಇಲ್ಲಿಯ ಮೋರಿಗೂ ಹರಿಯುತ್ತಿತ್ತು. ಲೆಕ್ಕ ಬೇರೆಯಾದ ಮೇಲೆ ನಿಮ್ಮ ಪಾಲಿಕೆಯ ಆದಾಯ ಎಷ್ಟು ಎಂಬುದೇ ಮೊದಲು ನೋಡಬೇಕಾದ ಸಾಲು.

ಪುಸ್ತಕ ದಪ್ಪಗಿರುತ್ತದೆ, ಹೆದರಬೇಡಿ. ಭಾಷಣದ ಭಾಗವನ್ನು ಬಿಟ್ಟುಬಿಡಿ. ಪತ್ರಿಕೆಗಳು ಬರೆಯುವುದು ಅದನ್ನೇ. ನಿಮಗೆ ಬೇಕಾದದ್ದು ಕೋಷ್ಟಕ. ಪ್ರತಿ ಲೆಕ್ಕಶೀರ್ಷಿಕೆಯ ಮುಂದೆ ಹಿಂದಿನ ವರ್ಷದ ನೈಜ ಲೆಕ್ಕ, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು ಇರುತ್ತವೆ. ಎಲ್ಲರೂ ಕೊನೆಯ ಅಂಕಣ ನೋಡುತ್ತಾರೆ. ನೀವು ನೈಜ ಲೆಕ್ಕದ ಅಂಕಣ ನೋಡಿ. ಒಂದು ಬಾಬ್ತಿಗೆ 20 ಕೋಟಿ ಎಂದು ಬರೆದು, ಪರಿಷ್ಕೃತದಲ್ಲಿ 12 ಮಾಡಿ, ಎರಡು ವರ್ಷದ ನಂತರ ನೈಜ ಲೆಕ್ಕದಲ್ಲಿ 5 ಎಂದು ಕಂಡರೆ, ಹೊಸ ವರ್ಷಕ್ಕೆ ಬರೆದ 25 ಕೋಟಿಗೆ ಮೂರು ಕಾಸಿನ ಬೆಲೆಯೂ ಇಲ್ಲ. ಜೊತೆಗೆ ಬಾಕಿ ಬಿಲ್ಲು ಎಂಬ ಸಾಲನ್ನೂ ಹುಡುಕಿ. ಮುಗಿದ ಕಾಮಗಾರಿಗಳ ಹಳೆಯ ಬಿಲ್ಲು ತೀರಿಸಲಿಕ್ಕೇ ಹೊಸ ವರ್ಷದ ಹಣದ ದೊಡ್ಡ ಪಾಲು ಹೋಗುವುದುಂಟು. ನಿಮ್ಮ ಹೊಸ ಚರಂಡಿ ಆ ಸಾಲಿನ ಹಿಂದೆ ನಿಂತಿರುತ್ತದೆ.

ಯಾವಾಗ ಕೇಳಬೇಕು? ಡಿಸೆಂಬರ್, ಜನವರಿ. ಆಗ ವಾರ್ಡ್ ಎಂಜಿನಿಯರ್‌ಗಳು ಮುಂದಿನ ವರ್ಷದ ಕಾಮಗಾರಿ ಪಟ್ಟಿ ಸಿದ್ಧಪಡಿಸುತ್ತಿರುತ್ತಾರೆ. 2015ರಿಂದ ಜನಾಗ್ರಹ ಸಂಸ್ಥೆ ಪಾಲಿಕೆಯ ಜೊತೆ ನಡೆಸಿಕೊಂಡು ಬಂದ 'ನನ್ನ ನಗರ ನನ್ನ ಬಜೆಟ್' ಅಭಿಯಾನವೂ ಬಜೆಟ್‌ಗೆ ಮುಂಚಿನ ಈ ತಿಂಗಳುಗಳದ್ದೇ. ಸಲಹೆ ಕೊಡಿ, ತಪ್ಪಿಲ್ಲ, ಆದರೆ ಅಷ್ಟಕ್ಕೆ ನಿಲ್ಲಿಸಬೇಡಿ. ವಾರ್ಡ್ ಸಮಿತಿಯ ಸಭೆ ನಡೆದರೆ ಹೋಗಿ. ನಿಮ್ಮ ಕೆಲಸದ ಹೆಸರು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಬೇಡಿಕೆಯನ್ನು ಅಳತೆಯ ಭಾಷೆಯಲ್ಲಿ ಬರೆಯಿರಿ. 'ನಮ್ಮ ರಸ್ತೆಯನ್ನು ಅಭಿವೃದ್ಧಿಪಡಿಸಿ' ಎಂದರೆ ಎಂಜಿನಿಯರ್ ಅದನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದು. 'ಇಂಥ ಅಡ್ಡರಸ್ತೆಯ ಪೂರ್ವ ಬದಿಯ ಮೋರಿ, ಮೂಲೆಯ ಟ್ರಾನ್ಸ್‌ಫಾರ್ಮರ್‌ನಿಂದ ದೇವಸ್ಥಾನದವರೆಗೆ, ಸುಮಾರು 90 ಮೀಟರ್, ಒಡೆದ ಚಪ್ಪಡಿ 14' ಎಂದರೆ ಅದನ್ನು ಅಂದಾಜು ಪಟ್ಟಿಗೆ ಹಾಗೆಯೇ ಇಳಿಸಬಹುದು. 

ಕಾಮಗಾರಿ ಮಂಜೂರಾದರೆ ಅದಕ್ಕೊಂದು ಜಾಬ್ ಸಂಖ್ಯೆ ಸಿಗುತ್ತದೆ: ವಾರ್ಡ್ ಸಂಖ್ಯೆ, ವರ್ಷ, ಕ್ರಮಸಂಖ್ಯೆ ಸೇರಿದ ಅಂಕಿ. ಇದೇ ನಾನು ಮೊದಲು ಹೇಳಿದ ಸಂಖ್ಯೆ. ಟೆಂಡರ್, ಕಾರ್ಯಾದೇಶ, ಅಳತೆ ಪುಸ್ತಕ (ಮಾಡಿದ ಕೆಲಸವನ್ನು ಅಳೆದು ಬರೆದಿಡುವ ದಾಖಲೆ), ಬಿಲ್ಲು ಎಲ್ಲವೂ ಇದರ ಹಿಂದೆ ಸಾಲಾಗಿ ಬರುತ್ತವೆ. ಹಳೆಯ ಕಾಮಗಾರಿಗಳಲ್ಲಿ ಬಿಬಿಎಂಪಿ ಕಾಲದ ವಾರ್ಡ್ ಸಂಖ್ಯೆಯೇ ಇರುವುದರಿಂದ ನಿಮ್ಮ ಬೀದಿಯ ಹಳೆಯ, ಹೊಸ ವಾರ್ಡ್ ಸಂಖ್ಯೆ ಎರಡೂ ಗೊತ್ತಿರಲಿ. ಕಚೇರಿಯಲ್ಲಿ 'ಮೋರಿ ಏನಾಯಿತು ಸಾರ್' ಎಂದು ಕೇಳಿದವರಿಗೆ 'ನೋಡೋಣ' ಎಂಬ ಉತ್ತರ ಸಿಗುತ್ತದೆ. ಜಾಬ್ ಸಂಖ್ಯೆ ಹೇಳಿದವರಿಗೆ ಕುರ್ಚಿ ಸಿಗುತ್ತದೆ. ಉತ್ಪ್ರೇಕ್ಷೆ ಎನ್ನಿಸಿದರೆ ಒಮ್ಮೆ ಪ್ರಯೋಗ ಮಾಡಿ.

ಸಂಖ್ಯೆ ಹೇಳಿದರೂ ಬಾಯಿ ಬಿಡದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು; ಆನ್‌ಲೈನ್ ಅರ್ಜಿಗೂ ಅವಕಾಶವಿದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಜನ ಇದನ್ನು ಮರೆತು ಊರಿನ ಗೋಳನ್ನೆಲ್ಲ ಬರೆಯುತ್ತಾರೆ, ಅರ್ಜಿ ತಿರಸ್ಕೃತವಾಗುತ್ತದೆ. 'ಏಕೆ' ಎಂಬ ಪದವನ್ನು ಬಳಸಲೇಬೇಡಿ. ಕಾರಣ ವಿವರಿಸುವ ಹೊಣೆ ಅವರಿಗಿಲ್ಲ, ದಾಖಲೆ ಕೊಡುವ ಹೊಣೆಯಿದೆ. ನನ್ನ ಅಂಗಡಿಯಲ್ಲಿ ಬರೆದುಕೊಡುವ ಒಕ್ಕಣೆ ಇಷ್ಟೇ:

'ಜಾಬ್ ಸಂಖ್ಯೆ ಇಂಥದ್ದರ ಕಾಮಗಾರಿಗೆ ಸಂಬಂಧಿಸಿದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕೆಂದು ಹಾಗೂ ಸದರಿ ಕಡತ ಮತ್ತು ಕಾಮಗಾರಿಯ ಪರಿಶೀಲನೆಗೆ ದಿನಾಂಕ ನಿಗದಿಪಡಿಸಬೇಕೆಂದು ಕೋರುತ್ತೇನೆ.'

ಕೊನೆಯ ತುಂಡನ್ನು ಬಿಡಬೇಡಿ. ಕಾಯ್ದೆಯ ಸೆಕ್ಷನ್ 2(ಜೆ) ಕಡತವನ್ನಷ್ಟೇ ಅಲ್ಲ, ಕಾಮಗಾರಿಯನ್ನೂ ಪರಿಶೀಲಿಸುವ ಹಕ್ಕು ಕೊಡುತ್ತದೆ. 30 ದಿನಗಳಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗ. ಆಯೋಗದವರೆಗೆ ಹೋದರೆ ತಡವಾಗುವುದು ಖಂಡಿತ. ಆದರೆ ನಾನು ಕಂಡಂತೆ ಮೇಲ್ಮನವಿಯ ಪ್ರತಿ ಕಚೇರಿ ತಲುಪಿದ ಮೇಲೆ ಕಡತಗಳು ತಾವಾಗಿಯೇ ಸಿಗತೊಡಗುತ್ತವೆ.

ಪರಿಶೀಲನೆಗೆ ಕರೆದ ದಿನ ಒಬ್ಬರೇ ಹೋಗಬೇಡಿ, ಬೀದಿಯ ಇನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹಿಂದಿನ ದಿನವೇ ಟೇಪು ಹಿಡಿದು ಮೋರಿಯ ಉದ್ದ, ಅಗಲ, ಆಳ ಅಳೆದು, ಹೊಸ ಚಪ್ಪಡಿಗಳನ್ನು ಎಣಿಸಿ ಚೀಟಿಯಲ್ಲಿ ಬರೆದುಕೊಂಡಿರಿ. ಅಳತೆ ಪುಸ್ತಕ ಕೈಗೆ ಬಂದಾಗ ಮೊತ್ತದ ಕಡೆ ನೋಡದೆ ಮೊದಲು ಆ ಅಳತೆಗಳನ್ನು ತಾಳೆ ಹಾಕಿ.